ಕೊಳೆ ಮೇಜಿನ ಸರದಿ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ವಾರ್ಡುಗಳಿಂದ ಇಳಿದು ಬರುವ ಹಾಸು, ಹೊದಿಕೆ, ನಿಲುವಂಗಿಗಳೆಲ್ಲ ಯಂತ್ರ ಸೇರುವ ಮೊದಲು ಒಂದು ಉದ್ದನೆಯ ತಗಡಿನ ಮೇಜಿನ ಮೇಲೆ ಬೀಳುತ್ತವೆ. ರಕ್ತ, ವಾಂತಿ, ಕೀವು ಯಾವುದಕ್ಕೂ ಅಲ್ಲಿ ಬರವಿಲ್ಲ. ಮಡಿಕೆಗಳಲ್ಲಿ ಸೂಜಿ, ಕತ್ತರಿ, ಒಮ್ಮೊಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಅಡಗಿರುತ್ತದೆ. ಒಂದೊಂದನ್ನೂ ಕೈಯಿಂದಲೇ ಬಿಡಿಸಿ ನೋಡಬೇಕು. ಅಲ್ಲಿನವರು ಅದಕ್ಕೆ ಕೊಳೆ ಮೇಜು ಎನ್ನುತ್ತಾರೆ.

ಈಗ ಆ ವಿಭಾಗವನ್ನು ನಡೆಸುವವಳನ್ನು ಎಲ್ಲರೂ ಕರೆಯುವುದು ಡಿಗ್ರಿ ಎಂದು. ಅವಳ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಕುರಿ ಕಾಯುವ ಮನೆಯಿಂದ ಬಂದವಳು, ಆಸ್ಪತ್ರೆಯಲ್ಲಿ ಕೆಲಸ ಎಂದಾಗ ಮೇಜು, ಕುರ್ಚಿ, ಫ್ಯಾನು ಎಂದುಕೊಂಡಿದ್ದಳು. ಸಿಕ್ಕಿದ್ದು ಮೇಜು ಮಾತ್ರ.

"ಸಾರ್, ನಾನು ಓದಿದವಳು," ಎಂದು ಮೊದಲ ದಿನವೇ, ಆಗ ವಿಭಾಗ ನಡೆಸುತ್ತಿದ್ದ ಮೇಸ್ತ್ರಿಗೆ ಹೇಳಿದ್ದಳು.

"ಒಳ್ಳೇದಾಯ್ತು. ಆ ಚೀಲದ ಮೇಲಿರೋ ಚೀಟಿ ಓದು, ಯಾವ ವಾರ್ಡು ಹೇಳು."

ಅವಳು ಬಚ್ಚಲಿಗೆ ಹೋಗಿ ಅತ್ತು ಬಂದಾಗ ಅವಳ ಪಾಲಿನ ರಾಶಿ ಅರ್ಧ ಕರಗಿತ್ತು. ಮೇಸ್ತ್ರಿ ತಲೆ ಎತ್ತದೆ, "ಅತ್ತಿದ್ದು ಮುಗೀತಾ? ಆ ಕಡೆ ತುದಿ ಹಿಡಿ," ಎಂದಿದ್ದರು.

ಮೇಸ್ತ್ರಿಯ ಪದ್ಧತಿ ಸರಳವಾಗಿತ್ತು. ದಿನದ ಮೊದಲ ಚೀಲ, ಎಂಥದ್ದೇ ಇರಲಿ, ಅವರೇ ಬಿಚ್ಚುತ್ತಿದ್ದರು. ಆಮೇಲೆ ಸರದಿ. ಸರದಿಯಿಂದ ಯಾರಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಒಬ್ಬಳ ಕಣ್ತಪ್ಪಿ ಕತ್ತರಿ ಯಂತ್ರದೊಳಗೆ ಹೋಗಿ, ಮೇಲಿನಿಂದ ಅಧಿಕಾರಿ ಕೆಂಡ ಕಾರುತ್ತ ಇಳಿದು ಬಂದರು. "ಯಾರದು?" ಎಂದರೆ, "ವಿಭಾಗ ನನ್ನದು, ತಪ್ಪೂ ನನ್ನದೇ," ಎಂದು ಮೇಸ್ತ್ರಿ ಅಡ್ಡ ನಿಂತರು. ತಪ್ಪು ಮಾಡಿದವಳಿಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ಅವಳ ಪಕ್ಕದಲ್ಲಿ ನಿಂತು ತಾವೂ ಹಾಸು ಬಿಡಿಸಿದರು, ಅಷ್ಟೇ. ಜನರನ್ನು ನಡೆಸುವುದು ಹೇಗೆಂದು ಡಿಗ್ರಿ ಕಲಿತಿದ್ದು ಹೀಗೆ.

ನಿವೃತ್ತರಾಗುವಾಗ ಮೇಸ್ತ್ರಿ ಅಧಿಕಾರಿಯ ತಲೆ ತಿಂದು ತಮ್ಮ ಜಾಗಕ್ಕೆ ಅವಳನ್ನು ತಂದರು. ಅವಳು ಆ ಮಾತೆತ್ತಿದಾಗಲೆಲ್ಲ, "ಸಾಕು, ಕೆಲಸ ನೋಡು," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರ ಚಿಕ್ಕ ಮಗಳು ಅದೇ ವಿಭಾಗಕ್ಕೆ ಸೇರಿದ ವಾರವೇ ಮೇಸ್ತ್ರಿ ಬಂದರು. ಇಸ್ತ್ರಿ ಯಂತ್ರದ ಪಕ್ಕ ಸ್ಟೂಲು ಎಳೆದು ಕೂತು, ಚಹಾದ ಲೋಟ ಕೈಯಲ್ಲೇ ತಿರುಗಿಸುತ್ತಿದ್ದರು.

"ನೋಡು, ನಿನ್ನ ಹತ್ರ ಯಾವತ್ತೂ ಏನೂ ಕೇಳಿಲ್ಲ. ಚಿಕ್ಕವಳನ್ನ ಇಸ್ತ್ರಿ ಕಡೆಗೇ ಇಟ್ಟುಬಿಡು. ಆ ಮೇಜಿಗೆ ಹಾಕ್ಬೇಡ."

"ಯಾಕೆ ಮೇಸ್ತ್ರಿಗಳೇ? ಹುಷಾರಿಲ್ವಾ?"

"ಕಲ್ಲುಗುಂಡಿನ ಹಾಗಿದಾಳೆ. ಕಾರಣ ಕೇಳ್ಬೇಡ."

ಡಿಗ್ರಿ ಕೈಲಿದ್ದ ಹಾಸನ್ನು ಮತ್ತೆ ಮಡಿಸಿದಳು. ತಾನು ಉಣ್ಣುವ ಅನ್ನ ಈ ಮನುಷ್ಯನಿಂದ ಬಂದದ್ದು. ಹೂಂ ಎಂದರೆ ಅವರು ಸಮಾಧಾನದಿಂದ ಎದ್ದು ಹೋಗುತ್ತಾರೆ. ಆದರೆ ನಾಳೆ ಆ ಮೇಜಿಗೆ ಯಾರನ್ನು ಯಾವ ಮುಖ ಹೊತ್ತು ಕಳಿಸುವುದು?

"ನೀವಿದ್ದಿದ್ರೆ ಹೀಗೆ ಮಾಡ್ತಿದ್ರಾ?"

"ನಾನಿಲ್ವಲ್ಲ. ನೀನಿದೀಯ. ಅದಕ್ಕೇ ಕೇಳಿದ್ದು."

"ಆಗಲ್ಲ ಮೇಸ್ತ್ರಿಗಳೇ."

"ನಿನಗೋಸ್ಕರ ನಾನು ಇಷ್ಟೆಲ್ಲ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಲೋಟ ಕೆಳಗಿಟ್ಟು ಹೊರಟುಹೋದರು. ಚಹಾದ ಮೇಲೆ ಕೆನೆ ಕಟ್ಟಿತ್ತು.

ಅಷ್ಟೂ ಹೊತ್ತು ಒಂದೇ ದಿಂಬಿನ ಚೀಲವನ್ನು ಇಸ್ತ್ರಿ ಮಾಡುತ್ತಿದ್ದ ಇಸ್ತ್ರಿ ಅಕ್ಕ, "ಅಲ್ಲ ಕಣೇ, ಹೂಂ ಅಂದು ಆಮೇಲೆ ಮರೆತುಬಿಡೋದಲ್ವಾ? ಮೇಲಿನ ಸಾಹೇಬ್ರೆಲ್ಲ ಅದನ್ನೇ ಮಾಡೋದು," ಎಂದಳು.

"ಅವರ ಹತ್ರ ಸುಳ್ಳು ಹೇಳೋಕೆ ಬಾಯಿ ಬರಲ್ಲ ಅಕ್ಕ. ನೀನು ಆ ದಿಂಬಿನ ಚೀಲ ಬಿಡು, ಸುಟ್ಟುಹೋಗತ್ತೆ."

ಚಿಕ್ಕವಳ ಸರದಿ ಸೋಮವಾರ ಬಂತು. ಡಿಗ್ರಿ ಎಂದಿನಂತೆ ಮೊದಲ ಚೀಲ ಬಿಚ್ಚಿದಳು. ಆದರೆ ಆಮೇಲೆ ತನ್ನ ಕೋಣೆಗೆ ಹೋಗದೆ ಹುಡುಗಿಯ ಎದುರಿಗೇ ನಿಂತಳು. ಮೂರನೆಯ ಹಾಸು ಬಿಡಿಸುವಷ್ಟರಲ್ಲಿ ಹುಡುಗಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಇನ್ನು ಬರುವುದಿಲ್ಲ ಎಂದೇ ಇಸ್ತ್ರಿ ಅಕ್ಕ ಕಣ್ಣಿನಲ್ಲಿ ಹೇಳಿದಳು. ಹುಡುಗಿ ಬಂದಳು. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಪ್ಪ ಇಷ್ಟು ವರ್ಷ ಇದನ್ನೇ ಮಾಡ್ತಿದ್ರಾ? ಮನೇಲಿ ಬರೀ ಯಂತ್ರದ ಗುಂಡಿ ಒತ್ತೋ ಕೆಲಸ ಅಂತಿದ್ರು. ಅಮ್ಮನಿಗೂ ಗೊತ್ತಿಲ್ಲ."

ಡಿಗ್ರಿಯ ಕೈ ನಿಂತಿತು. ಪಾಳಿ ಮುಗಿದ ಮೇಲೆ ಮೇಸ್ತ್ರಿ ತಪ್ಪದೆ ಸ್ನಾನ ಮಾಡಿ, ಬೇರೆ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಮನೆಗೆ ಹೊರಡುತ್ತಿದ್ದರು. ಮದುಮಗನ ಸವಾರಿ ಹೊರಟಿತು ಎಂದು ಹೆಂಗಸರು ನಗುತ್ತಿದ್ದರು. ಅವಳೂ ನಕ್ಕಿದ್ದಳು.

"ಇದನ್ನೇ ಮಾಡ್ತಿದ್ರು," ಎಂದಳು. "ಎಲ್ಲರಿಗಿಂತ ಮೊದಲು."

ಹುಡುಗಿ ಮುಂದಿನ ಚೀಲಕ್ಕೆ ಕೈ ಹಾಕಿದಳು.

ಮಧ್ಯಾಹ್ನ ಡಿಗ್ರಿ ಮೇಸ್ತ್ರಿಗೆ ಫೋನು ಮಾಡಿದಳು. ಎತ್ತಿದ್ದು ಅವರ ಹೆಂಡತಿ.

"ಅವರು ಮನೇಲಿಲ್ವಂತಮ್ಮ. ಇಲ್ಲೇ ಕೂತ್ಕೊಂಡು ಹೇಳ್ತಿದಾರೆ."

"ಹಾಗಾದ್ರೆ ಇಲ್ಲದೋರಿಗೆ ಹೇಳಿಬಿಡಿ ಅಮ್ಮಾ, ಚಿಕ್ಕವಳು ಮೇಜು ಬಿಟ್ಟು ಹೋಗ್ಲಿಲ್ಲ ಅಂತ."

ಹಿಂದಿನಿಂದ ದನಿ ಕೇಳಿತು: "ಏನಂದ್ಲಂತೆ ಕೇಳು."

"ನಾನೇನು ನಿಮ್ಮಿಬ್ಬರ ಟಪಾಲಿನವಳಾ? ತಗೊಳ್ಳಿ, ನೀವೇ ಕೇಳಿ."

ಫೋನು ಕೈ ಬದಲಾಯಿತು.

"ಅಪ್ಪ ಇದನ್ನೇ ಮಾಡ್ತಿದ್ರಾ ಅಂದ್ಲು," ಎಂದಳು ಡಿಗ್ರಿ. "ಹೌದು ಅಂದೆ."

"ಆಮೇಲೆ?"

"ಆಮೇಲೆ ಮುಂದಿನ ಚೀಲ ಬಿಚ್ಚಿದ್ಲು."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಮೇಸ್ತ್ರಿಗಳೇ, ನೀವು ಮನೇಲಿ ಹೇಳಿಲ್ಲ ಅನ್ನೋದು ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೂ ಆಗಲ್ಲ ಅಂತಾನೇ ಹೇಳ್ತಿದ್ದೆ. ನೀವು ನನ್ನನ್ನ ಹಾಗೇ ಬೆಳೆಸಿದ್ದು."

ಈ ಸಲ ಅವರು ಸಾಕು ಎನ್ನಲಿಲ್ಲ. "ಮೊದಲ ದಿನ ಅನ್ನ ಇಳಿಯಲ್ಲ. ಊಟಕ್ಕೆ ಕೂರಿಸೋ ಮುಂಚೆ ಹೊರಗೆ ಗಾಳಿಗೆ ನಿಲ್ಲಿಸು ಅವಳನ್ನ."

ಹುಡುಗಿ ಆಗಲೇ ಹಿತ್ತಲಲ್ಲಿ, ಒಣಹಾಕಿದ ಹಾಸುಗಳ ನಡುವೆ ನಿಂತಿದ್ದಳು. ಡಿಗ್ರಿ ಹೋಗಿ ಪಕ್ಕದಲ್ಲಿ ನಿಂತಳು.

"ಅಪ್ಪನಾ ಫೋನಲ್ಲಿ? ಏನಂದ್ರು?"

"ಗಾಳಿಗೆ ನಿಲ್ಲು ಅಂದ್ರು."

"ನಿಂತೇ ಇದೀನಲ್ಲ," ಎಂದಳು ಹುಡುಗಿ.