ಮುಗಿಯಬಾರದ ಐದನೆಯ ಅಧ್ಯಾಯ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೊರಡುವವರಿಗೆ ನನ್ನದೊಂದು ಬುದ್ಧಿಮಾತು: ಮನ್ಮಾಡಿನಲ್ಲಿ ಗಾಡಿ ಬದಲಿಸುವಾಗ ಕಿಟಕಿಯಿಂದ ಕರವಸ್ತ್ರ ಎಸೆದು ಜಾಗ ಹಿಡಿಯಿರಿ, ಸಂಕೋಚವನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟುಬಿಡಿ. ಬೀದರಿನಿಂದ ಬಂದು, ಬೆಡ್‌ಶೀಟು ಮಾರುತ್ತಲೇ ಕಾನೂನು ಓದಿ, ಈಗ ನಾಸಿಕದ ಕಾಲೇಜೊಂದರಲ್ಲಿ ಕರಾರು ಕಾಯಿದೆ ಕಲಿಸುವ ನಾನು ಪಿಎಚ್‌ಡಿಗೆ ಗೈಡ್ ಹಿಡಿದದ್ದೂ ಹಾಗೆಯೇ. ಪಾಂಡಿತ್ಯವನ್ನು ಆಮೇಲೆ ನೋಡಿ; ನಿವೃತ್ತಿ ದೂರವಿದೆಯೇ, ಫೋನು ಎತ್ತುತ್ತಾರೆಯೇ ಎಂಬುದನ್ನು ಮೊದಲು ವಿಚಾರಿಸಿ. ಇದೆಲ್ಲವನ್ನೂ ತೂಗಿಯೇ ಸಂಭಾಜಿನಗರದ ವಿಶ್ವವಿದ್ಯಾಲಯದಲ್ಲಿದ್ದ, ಕಲಬುರಗಿ ಮೂಲದ ನಮ್ಮ ಸರ್ ಅವರನ್ನು ಆರಿಸಿಕೊಂಡಿದ್ದೆ. ಅವರ ಮೂತ್ರಪಿಂಡಗಳು ಮಾತ್ರ ನನ್ನ ತಕ್ಕಡಿಗೆ ಬಂದಿರಲಿಲ್ಲ.

ಕಡೆಗೆ ನಮ್ಮ ಸಂಶೋಧನೆಯ ಪಾಠ ಡಯಾಲಿಸಿಸ್ ಕೋಣೆಗೇ ವರ್ಗವಾಯಿತು. ಅವರ ರಕ್ತ ಕೊಳವೆಗಳಲ್ಲಿ ಹೊರಹೋಗಿ ಒಳಬರುವಷ್ಟು ಹೊತ್ತೂ, ನಾಸಿಕ ಜಿಲ್ಲೆಯ ಸಟಾಣಾ ಪೇಟೆಯ ಈರುಳ್ಳಿ ಹರಾಜಿನ ಬಾಯಿಮಾತಿನ ಕರಾರುಗಳ ಕುರಿತು ಬರೆದದ್ದನ್ನು ನಾನು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ತಪ್ಪು ಹಿಡಿಯುತ್ತಿದ್ದರು. ಪದವಿ ಬಂದರಷ್ಟೇ ನನ್ನ ನೌಕರಿ ಕಾಯಂ. ಬೇಗ ಮುಗಿಸು, ಇಲ್ಲವೇ ಗೈಡ್ ಬದಲಿಸು ಎಂದು ಸಹೋದ್ಯೋಗಿಗಳು ಅಂದರು. ಬೇರೆಯವರಿಗಾಗಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ.

ಆದರೆ ಒಂದು ದಿನ ಸರ್ ಅವರ ಮಡದಿ ನನ್ನನ್ನು ವರಾಂಡಕ್ಕೆ ಕರೆದರು. "ತಮ್ಮಾ, ಮಷೀನಿಗಿ ಬರ್ಲಾಕ ಒಲ್ಲೆ ಅಂತಾರ. ನಿಮ್ಮ ಅಧ್ಯಾಯ ಕೇಳೋದದ ಅಂತ ಬರ್ಲಾಕತ್ಯಾರ. ಲಗೂನ ಮುಗಿಸಬ್ಯಾಡ್ರಿ."

ಹೀಗೆ ನನ್ನ ಐದನೆಯ, ಕೊನೆಯ ಅಧ್ಯಾಯ ಊದಿಕೊಳ್ಳತೊಡಗಿತು. ಹೇಳಿದ್ದನ್ನೇ ತಿರುಗಿಸಿ ಹೇಳಿದೆ, ಯಾರಿಗೂ ಬೇಡದ ತೀರ್ಪುಗಳನ್ನು ಹೆಕ್ಕಿ ತಂದೆ, ಅಡಿಟಿಪ್ಪಣಿಗೂ ಅಡಿಟಿಪ್ಪಣಿ ಹಚ್ಚಿದೆ. ತರಗತಿಯಲ್ಲಿ ಕಾಲಮಿತಿಯ ಮಹತ್ವ ಬೋಧಿಸಿ ರೈಲು ಹತ್ತಿದವನು, ಇಲ್ಲಿ ಒಬ್ಬ ಮನುಷ್ಯನಿಗಾಗಿ ವಾಯಿದೆಯ ಮೇಲೆ ವಾಯಿದೆ ಕೇಳುತ್ತಿದ್ದೆ; ಕೇಳುತ್ತಿದ್ದುದಾದರೋ ಯಾವ ಚೌಕಾಸಿಗೂ ಬಗ್ಗದವನ ಬಳಿ.

ಒಮ್ಮೆ ಸರ್ ಕಣ್ಣು ತೆರೆದರು. "ಏನ್ರಿ ಶೇಠಜಿ, ಹ್ವಾದ ವಾರದ ಮಾಲೇ ಮಡಚಿ ಮತ್ತ ತೋರಸ್ಲಾಕತ್ತೀರಲ್ಲ?"

"ಇಲ್ರಿ ಸರ್, ಇದು ಹೊಸಾ ವಾದ ಅದರಿ."

"ಬೆಡ್‌ಶೀಟ್ ಗಿರಾಕಿಗಿ ಹೇಳ್ರಿ ಅದನ್ನ. ಪೆನ್ ತರ್ರಿ ಇಲ್ಲಿ."

ಸೂಜಿ ಇಲ್ಲದ ಕೈಯಿಂದ ಪುಟದ ಮೇಲೆ ಪುಟ ಅಡ್ಡಗೆರೆ ಎಳೆಯುತ್ತ ಹೋದರು. ವಾರಗಟ್ಟಲೆ ನಾನು ತುಂಬಿದ್ದೆಲ್ಲ ಉದುರಿ, ಬಿಗಿಯಾದ ಒಂದೇ ವಾದ ಉಳಿಯಿತು. ಕೆಳಗೆ ಸಹಿ ಹಾಕಿದರು.

"ಮುಗೀತು. ಸಲ್ಲಿಸ್ರಿ."

"ಇನ್ನೊಂದು ವಾರ ನೋಡಮಿ, ಸರ್..."

"ನನ್ನ ಸಹಿ ಮ್ಯಾಲ ಹೊಟ್ಟು ಹೋಗಬಾರ್ದು," ಎಂದು ಮತ್ತೆ ಕಣ್ಣು ಮುಚ್ಚಿದರು.

ಮುಂದಿನ ಸರದಿಗೆ ಅವರು ಆಸ್ಪತ್ರೆಗೆ ಹೋಗಲಿಲ್ಲ. ಮಡದಿ ಅತ್ತರೂ ಹೋಗಲಿಲ್ಲ. ಬಹಳ ದಿನ ಉಳಿಯಲೂ ಇಲ್ಲ.

ಪದವಿ ಬಂತು, ನೌಕರಿ ಕಾಯಂ ಆಯಿತು. ಸಲಹೆ ಕೇಳಲು ಬಂದವರಿಗೆ, ಗೈಡ್ ಹೇಳಿದ ಕಡೆ ಕತ್ತರಿಸಿ, ಹಟ ಮಾಡಬೇಡಿ ಎಂದು ಈಗಲೂ ಹೇಳುತ್ತೇನೆ. ಅದು ಸರಿಯಾದ ಮಾತೇ. ರಟ್ಟು ಹಾಕಿಸಿದ ಪ್ರಬಂಧವನ್ನೂ ಪೇಡೆಯನ್ನೂ ಹಿಡಿದು ಸರ್ ಮನೆಗೆ ಹೋದಾಗ, ಅವರ ಮಡದಿ ಪ್ರಬಂಧವನ್ನು ತೆರೆಯಲಿಲ್ಲ. ಅದರ ದಪ್ಪವನ್ನು ಎರಡು ಬೆರಳ ನಡುವೆ ಹಿಡಿದು ನೋಡಿದರು.

"ಇಷ್ಟೇ ಏನ್ರಿ, ತಮ್ಮಾ?"