ಅವ್ವನ ಕೈಮಾತಿಗೊಂದು ಮೋಡೆಮ್

ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ, ಅಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ. ಇಬ್ಬರೂ ಮೂಡಲಗಿಯ ಒಂದೇ ಮನೆಯಲ್ಲಿದ್ದಷ್ಟು ದಿನ ಅದೊಂದು ತೊಂದರೆ ಎಂದು ಯಾರಿಗೂ ಅನ್ನಿಸಿರಲೇ ಇಲ್ಲ. ಅಕ್ಕ ಕೂಸಾಗಿದ್ದಾಗಿನಿಂದ ಅವ್ವ ಅವಳ ಜೊತೆ ಕೈಯಲ್ಲೇ ಮಾತಾಡುತ್ತ ಬಂದವಳು. ಯಾವ ಶಾಲೆಯಲ್ಲೂ ಕಲಿಸದ, ನಮ್ಮ ಅಡುಗೆಮನೆಯಲ್ಲೇ ಹುಟ್ಟಿದ ಮಾತು ಅದು. ಎರಡೂ ಮುಷ್ಟಿ ಎತ್ತಿ ಜೋಕಾಲಿಯ ಹಗ್ಗ ಹಿಡಿದಂತೆ ಮಾಡಿದರೆ ನಾಗರಪಂಚಮಿ. ಮೂಗಿನ ತುದಿ ಮುಟ್ಟಿದರೆ ನಾನು. ಸಿಟ್ಟು ನನಗೆ ಸದಾ ಅಲ್ಲೇ ಇರುತ್ತದೆಂದು ಅಕ್ಕ ಇಟ್ಟ ಹೆಸರು. ಸುಳ್ಳೇನೂ ಅಲ್ಲ ಬಿಡಿ.

ಅಕ್ಕ ಬೆಳಗಾವಿಯ ಕಿವುಡರ ಶಾಲೆಯಲ್ಲಿ ಕೆಲವು ವರ್ಷ ಓದಿದಳು. ಅಲ್ಲಿ ಜೊತೆಗಿದ್ದವನನ್ನೇ ಮುಂದೆ ಮದುವೆಯಾಗುತ್ತೇನೆಂದು ಹಟ ಹಿಡಿದಳು. ಅವನಿಗೂ ಕಿವಿ ಕೇಳುವುದಿಲ್ಲ, ಪುಣೆಯ ಒಂದು ಮುದ್ರಣಾಲಯದಲ್ಲಿ ಕೆಲಸ. ಅವ್ವ ಹೌಹಾರಿದಳು. “ಮನ್ಯಾಗ ಒಬ್ಬರಿಗರೆ ಕೇಳಬೇಕಲ್ಲಬೇ! ಬಾಗಲಾ ಬಡದ್ರ ಯಾರ ತಗೀತಾರ? ಕೂಸು ಅತ್ರ ಯಾರ ಏಳತಾರ?” ಅಕ್ಕ ಬಗ್ಗಲಿಲ್ಲ. ಮದುವೆಯೂ ಆಯಿತು. ಪುಣೆಗೆ ಹೊರಟ ದಿನ ಅವಳು ಬಸ್ಸಿನ ಕಿಟಕಿಯಿಂದ ಕೈಯಾಡಿಸಿ ಏನೋ ಹೇಳುತ್ತಿರುವಾಗಲೇ ಅವ್ವ ಬೆನ್ನು ತಿರುಗಿಸಿ ನಿಂತುಬಿಟ್ಟಳು. ಕೈಯಲ್ಲಿ ಮಾತಾಡುವವರಿಗೆ ಬೆನ್ನು ತಿರುಗಿಸಿದರೆ ಬಾಯಿ ಮುಚ್ಚಿಸಿದಂತೆಯೇ. ಬಸ್ಸು ಹೋಯಿತು.

ಅವ್ವನ ಸಿಟ್ಟು ಆರು ತಿಂಗಳೂ ಬಾಳಲಿಲ್ಲ. ಆದರೆ ನಮ್ಮ ಕಡೆ ಒಂದು ರೀತಿ ಇದೆ. ಕೊಟ್ಟ ಮಗಳು ತಾನಾಗಿ ತವರಿಗೆ ಬರುವುದಿಲ್ಲ. ಪಂಚಮಿಗೆ ಬಾ ಎಂದು ತವರಿನವರು ಹೇಳಿಕಳಿಸಬೇಕು, ಮನೆಯವರೊಬ್ಬರು ಹೋಗಿ ಕರೆದುಕೊಂಡು ಬರಬೇಕು. ತಾಯಿಯೂ ಅಷ್ಟೆ, ಕರೆಯದೆ ಮಗಳ ಮನೆಗೆ ಹೋಗಿ ಕೂರುವುದಿಲ್ಲ. ಎರಡು ಪಂಚಮಿ ಕಳೆದರೂ ಅಕ್ಕ ಬಂದಿರಲಿಲ್ಲ. ಇವರಿಬ್ಬರ ನಡುವೆ ಇದ್ದದ್ದು ನನ್ನ ಮೊಬೈಲ್ ಒಂದೇ. ಪ್ರತಿ ಭಾನುವಾರ ಅವ್ವ ನನ್ನೆದುರು ಕೂತು ಅರ್ಧ ತಾಸು ಹೇಳುತ್ತಿದ್ದಳು, ನಾನು ಮೆಸೇಜ್ ಮಾಡುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಉದ್ದದ್ದನ್ನು ಒಂದು ಸಾಲಿಗೆ ಇಳಿಸುವುದು ನನಗೆ ಬಲು ಸಲೀಸು.

“ನಾ ಹೇಳೂದು ಊರಷ್ಟು, ನೀ ಒತ್ತೂದು ನಾಕ ಅಕ್ಷರ,” ಎಂದು ಅವ್ವ ಗೊಣಗುತ್ತಿದ್ದಳು. “ಆಕೀ ಮುಖಾ ನೋಡಿ, ನನ್ನ ಕೈಲೆ ನಾನ ತಪ್ಪಾತು ಅನಬೇಕು. ಅಲ್ಲೀತನಾ ನನಗ ಊಟಾ ಸೇರೂದಿಲ್ಲ ನೋಡ.”

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಮೂರನೆಯ ಪಂಚಮಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಗೋಕಾಕಿನ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಬಿಳಿಯ ಮೋಡೆಮ್ ಕಂಡಿತು. ಸಿಮ್ ಹಾಕಿ ಕಂಪ್ಯೂಟರಿಗೆ ಚುಚ್ಚಿದರೆ ಸಾಕಂತೆ, ತಂತಿಯಿಲ್ಲದೆ ಇಂಟರ್ನೆಟ್! ಇಂಟರ್ನೆಟ್ ಬಂದರೆ ಕ್ಯಾಮೆರಾ, ಕ್ಯಾಮೆರಾ ಬಂದರೆ ಅಕ್ಕನ ಮುಖ. ನನ್ನ ಎದೆ ಹೊಡೆದುಕೊಂಡದ್ದು ಅಂಗಡಿಯವನಿಗೂ ಕೇಳಿಸಿರಬೇಕು. ಹಿಂದೆ ಅವ್ವನನ್ನು ಸೈಬರ್ ಕೆಫೆಗೆ ಕರೆದೊಯ್ಯುವ ಮಾತೆತ್ತಿದ್ದೆ. “ಹತ್ತ ಮಂದಿ ನಡುವ ಕುಂತು ಗಲ್ಲಾ ಬಡಕೊಳ್ಳಲೇನು? ನಾ ಒಲ್ಲೆ,” ಎಂದಿದ್ದಳು. ಈಗ ಮನೆಯಲ್ಲೇ ಆಗುವುದಿತ್ತು. ಜೊತೆಗೊಂದು ಅಗ್ಗದ ಕ್ಯಾಮೆರಾವನ್ನೂ ಸೇರಿಸಿ ಕೊಂಡೇಬಿಟ್ಟೆ. ಬಸ್ಸು ಹತ್ತುವ ಮೊದಲೇ ಅಕ್ಕನಿಗೆ ಮೆಸೇಜ್ ಹೋಯಿತು. ಭಾವ ಅತ್ತ ಮುದ್ರಣಾಲಯದ ಯಜಮಾನರನ್ನು ಒಪ್ಪಿಸಿ, ಅಲ್ಲಿನ ಕಂಪ್ಯೂಟರಿಗೆ ಕ್ಯಾಮೆರಾ ಸಿಕ್ಕಿಸಿಯೂಬಿಟ್ಟ.

ಮನೆಗೆ ಬಂದು ಚುಚ್ಚಿದೆ. ಪರದೆಯ ಮೇಲೆ ಟಣ್ಣನೆ ಒಂದು ಸಿಡಿಯ ಚಿತ್ರ ಮೂಡಿತು. “ಬಂತು ಯವ್ವಾ, ಬಂತು!” ಎಂದು ಕೂಗಿಕೊಂಡೆ. ಅವ್ವ ಹಿಟ್ಟು ಹತ್ತಿದ ಕೈಯಲ್ಲೇ ಓಡಿ ಬಂದಳು. ಸಿಡಿಯನ್ನು ತೆರೆದೆ. ಒಳಗೆ ಏನೇನೋ ಕಡತ, ಯಾವುದನ್ನು ಒತ್ತಿದರೂ ಕಂಪ್ಯೂಟರ್ ಪಿಟ್ಟೆನ್ನಲಿಲ್ಲ. ಆ ಕಡತಗಳೆಲ್ಲ ವಿಂಡೋಸ್ ಇರುವವರಿಗೆ. ನನ್ನದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಬೇರೆಯೇ ತಂತ್ರಾಂಶ. ಸಂಕೇಶ್ವರದವನೊಬ್ಬ ಬಿಡಿಭಾಗ ಜೋಡಿಸಿ ಕೊಟ್ಟ ಕಂಪ್ಯೂಟರ್ ಅದು. “ಇದು ಪುಕ್ಕಟೆ ಐತ್ರಿ, ವೈರಸ್ಸಿನ ಕಾಟಾನೂ ಇಲ್ರಿ,” ಎಂದು ಅವನು ಹೇಳಿದ್ದಕ್ಕೆ ನಾನು ಮರುಳಾಗಿದ್ದೆ. ಅವ್ವ ನಿಂತಷ್ಟು ಹೊತ್ತು ನಿಂತು, ಹಿಟ್ಟು ಒಣಗಿದ ಮೇಲೆ ಒಳಗೆ ಹೋದಳು.

ಮೋಡೆಮ್ ಮಾರಿದವನ ಬಳಿ ಹೋದರೆ ಅವನು ಕಣ್ಣು ಪಿಳಿಪಿಳಿ ಬಿಟ್ಟ. “ಲಿನಕ್ಸ್ ಅಂದ್ರ ಏನ್ರಿ ಮೇಡಂ? ಅದನ್ನ ತಗದು ವಿಂಡೋಸ್ ಹಾಕಸ್ರಿ, ಎಲ್ಲಾ ಚಲೋ ಆಗತೈತಿ.” ನನಗೆ ರೇಗಿತು. ಹಾಕಿಸಿಬಿಟ್ಟಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು, ಅದು ನನಗೂ ಗೊತ್ತು. ಆದರೆ ಅವನು ಹೇಳಿದ ಧಾಟಿ ಹೇಗಿತ್ತೆಂದರೆ, ಲಿನಕ್ಸಿನಲ್ಲೇ ಇದನ್ನು ಕುಣಿಸದಿದ್ದರೆ ನಾನು ಗಣಿತದ ಟೀಚರೇ ಅಲ್ಲ ಎಂದುಕೊಂಡು ಅಂಗಡಿಯ ಮೆಟ್ಟಿಲಿಳಿದೆ.

ಅಲ್ಲಿಂದ ಶುರುವಾಯಿತು ನನ್ನ ಶನಿವಾರಗಳ ಸವಾರಿ. ಬೆಳಗಿನ ಶಾಲೆ ಮುಗಿಸಿ ಮೂಡಲಗಿಯಿಂದ ಗೋಕಾಕಿಗೆ ಬಸ್ಸು. ಸೈಬರ್ ಕೆಫೆಯಲ್ಲಿ ಕೂತು ಹುಡುಕುವುದು, ಯಾರ್‍ಯಾರೋ ಕೊಟ್ಟ ಉಪಾಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಬಸ್ಸಿನಲ್ಲಿ ಅದನ್ನು ಉರುಹೊಡೆಯುತ್ತ ಬರುವುದು, ಮನೆಯಲ್ಲಿ ಟೈಪ್ ಮಾಡುವುದು. ಕಂಪ್ಯೂಟರ್ ‘ಅಂಥ ಮೋಡೆಮ್ಮೇ ಇಲ್ಲ’ ಎನ್ನುವುದು. ಆ ಉತ್ತರವನ್ನು ಬರೆದುಕೊಂಡು ಮತ್ತೆ ಮುಂದಿನ ಶನಿವಾರಕ್ಕೆ ಕಾಯುವುದು. ತಪ್ಪು ಮೂಡಲಗಿಯಲ್ಲಿ, ಅದರ ಮದ್ದು ಗೋಕಾಕಿನಲ್ಲಿ! ಎಲ್ಲೋ ಕೂತ ಮಹಾನುಭಾವನೊಬ್ಬ, ಮೊದಲು ಇಂಟರ್ನೆಟ್ಟಿಗೆ ಸೇರಿ ಇಂತಿಂಥ ತಂತ್ರಾಂಶ ಇಳಿಸಿಕೊಳ್ಳಿ, ಆಮೇಲೆ ಇಂಟರ್ನೆಟ್ ಬರುತ್ತದೆ ಎಂದು ಬರೆದಿದ್ದ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೆಫೆಯಲ್ಲೇ ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ತಿರುಗಿ ನೋಡಿದರು.

ಆದರೂ ಒಂದು ಮಾತು ಹೇಳಬೇಕು, ಆ ವಾರಗಳಷ್ಟು ಹುರುಪು ನನಗೆ ಮದುವೆಮನೆಗಳಲ್ಲೂ ಬಂದದ್ದಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಸಮೀಕರಣ ಬಿಡಿಸುವಾಗಲೂ ತಲೆಯೊಳಗೆ ಆ ಬಿಳಿಯ ಕಡ್ಡಿಯೇ. ಅವ್ವ ಮಾತ್ರ ದಿನ ಎಣಿಸುತ್ತಿದ್ದಳು. “ಪಂಚಮಿಗೆ ಇನ್ನ ಹದಿನೆಂಟ ದಿನಾ ಅಷ್ಟ. ಈ ಸರ್ತಿನೂ ಆಕೀ ಮುಖಾ ಕಾಣದಿದ್ರ ಇನ್ನ ಕಾಣೂದಿಲ್ಲ ಅನಸತೈತಿ ನನಗ.”

ನಾಲ್ಕನೆಯ ಶನಿವಾರ ಕೆಫೆಯ ಮಾಲೀಕನಿಗೇ ನನ್ನ ಮೇಲೆ ಕನಿಕರ ಬಂತು. “ಹುಕ್ಕೇರಿ ಬಜಾರದಾಗ ಒಬ್ರು ಬೀಜ-ಗೊಬ್ಬರದ ಅಂಗಡಿಯವರ ಅದಾರ್ರಿ. ಅವರೂ ನಿಮ್ಮಂಗ ಲಿನಕ್ಸ್ ಹುಚ್ಚು. ಇಂಥದ್ದ ಮೋಡೆಮ್ ನಡಸಾಕತ್ತಾರ.” ಗಡಿಯಾರ ನೋಡಿದೆ, ಮಧ್ಯಾಹ್ನ ಎರಡು. ಮೋಡೆಮ್ ಪರ್ಸಿನಲ್ಲೇ ಇತ್ತು. ಹುಕ್ಕೇರಿಯ ಬಸ್ಸಿಗೆ ಓಡಿ ಹತ್ತಿದೆ. ಘಟಪ್ರಭಾ ಬರುವವರೆಗೆ ನಿಂತೇ ಹೋದೆ, ಸೀಟು ಸಿಕ್ಕ ಮೇಲೂ ಕೂರಲಾಗಲಿಲ್ಲ.

ಅಂಗಡಿಯವರಿಗೆ ಅರವತ್ತರ ಆಸುಪಾಸು. ಬಿಳಿ ಟೋಪಿ, ಗಿರಾಕಿಗಳ ಜೊತೆ ಅರ್ಧ ಮರಾಠಿ, ಅರ್ಧ ಕನ್ನಡ. ಚೀಲಗಳ ಮರೆಯಲ್ಲಿ ಅವರ ಕಂಪ್ಯೂಟರ್ ಇತ್ತು. ನಾನು ಒಂದೇ ಉಸಿರಿನಲ್ಲಿ ನನ್ನ ಪುರಾಣವೆಲ್ಲ ಹೇಳಿದೆ.

“ಸಿಡಿ ಬರತೈತಲ್ಲರಿ, ಅದನ್ನ ಏನ ಮಾಡತೀರಿ?” ಎಂದು ಕೇಳಿದರು.

“ತೆರೀತೀನ್ರಿ. ಎಲ್ಲಿ ಅಳಿಸಿ ಹೋಗತೈತೋ ಅಂತ ಒಳಗಿದ್ದದ್ದನ್ನೆಲ್ಲಾ ನಕಲು ತಗದು ಜ್ವಾಕಿ ಮಾಡಿಟ್ಟೇನ್ರಿ.”

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು ನಕ್ಕರು. “ಅರೇ ದೇವಾ! ಟೀಚರ್, ಆ ಸಿಡಿ ಸುಳ್ಳು ಅದ. ಬಾಗಲದಾಗ ಕುಂತ ಕಾವಲುಗಾರ ಅದು. ಅವನ್ನ ಬಾಜೂಕ ಸರಸೂತನಾ ಒಳಗಿನ ಯಜಮಾನ ಹೊರಗ ಬರೂದಿಲ್ಲ. ನೀವು ಕಾವಲುಗಾರಗ ಚಹಾ ಕುಡಿಸಿ ಕುಂದರಸೀರಿ. ಅಂಗೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲಾ ತಿರಗಿದಂಗಾತ.”

ಮೋಡೆಮ್ ಚುಚ್ಚಿದರು. ಸಿಡಿ ಬಂತು. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸಿಡಿ ಹೊರಹಾಕು ಎಂಬುದನ್ನು ಆರಿಸಿದರು. ಅಷ್ಟೆ! ಚಿತ್ರ ಮಾಯವಾಯಿತು. “ಹತ್ತರ ತನಕ ಎಣಸ್ರಿ,” ಎಂದರು. ಎಣಿಸಿದೆ. ಏಳಕ್ಕೇ ಮೋಡೆಮ್ಮಿನ ದೀಪ ಕೆಂಪಿನಿಂದ ನೀಲಿಗೆ ತಿರುಗಿತು. ಒಂದು ತಿಂಗಳು ‘ಇಲ್ಲ’ ಎಂದಿದ್ದ ಮೋಡೆಮ್ಮಿನ ಹೆಸರು ಪರದೆಯ ಮೇಲೆ ತಾನೇ ಬಂದು ನಿಂತಿತು. ಖರೆ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ಮುಂದಿನದನ್ನೂ ಅವರೇ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರು. ಬಳಕೆದಾರರ ಹೆಸರು ಕೇಳಿದರೆ ಏನಾದರೊಂದು ಹಾಕಬೇಕು, ಖಾಲಿ ಬಿಡಬಾರದು ಎಂದು ಅಡಿಗೆರೆ ಎಳೆದರು.

ಮರುದಿನ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸಿಡಿಯನ್ನು ಹೊರದಬ್ಬಿದೆ, ಹತ್ತು ಎಣಿಸಿದೆ. ಬಳಕೆದಾರರ ಹೆಸರಿಗೆ ‘ಅವ್ವ’ ಎಂದು ಹಾಕಿದೆ. ಸಾಲುಗಳು ಸರಸರ ಇಳಿದವು, ಕಡೆಯಲ್ಲಿ ‘ಕನೆಕ್ಟ್’ ಎಂದು ಬಂತು. ನಾನು ಕುರ್ಚಿಯಿಂದ ಹಾರಿದ ರಭಸಕ್ಕೆ ಮೋಡೆಮ್ ಕಿತ್ತು ಕೆಳಗೆ ಬಿತ್ತು, ಮತ್ತೆ ಎಲ್ಲ ಮೊದಲಿನಿಂದ! “ಸಾವಕಾಶ ಮಾಡಬೇ, ನಿನ್ನ ಅವಸರಕ್ಕ ಬೆಂಕಿ ಹಚ್ಚಲಿ,” ಎಂದು ಅವ್ವ ಬೈದಳು. ಬೈಯುತ್ತಲೇ ಹೊಸ ಇಳಕಲ್ ಸೀರೆ ಉಟ್ಟು, ಕುಂಕುಮ ತಿದ್ದಿಕೊಂಡು ಬಂದು ಕ್ಯಾಮೆರಾದ ಮುಂದೆ ಕೂತಳು. ಹನ್ನೆರಡಕ್ಕೆ ಕರೆಂಟು ಹೋಗುವುದಿತ್ತು. ಹಿಂದಿನ ರಾತ್ರಿಯೇ ಮೆಸೇಜಿನಲ್ಲಿ ಹೊತ್ತು ಗೊತ್ತುಮಾಡಿದ್ದೆವು, ಹನ್ನೊಂದಕ್ಕೆ ಅಕ್ಕ ಬಂದಳು.

ಬಂದಳು ಎಂದರೆ, ಮೊದಲು ಹಣೆ ಬಂತು, ಆಮೇಲೆ ಮುಖ. ತುಸು ಸೊರಗಿದ್ದಳು. ಅವ್ವ “ಯವ್ವಾ ನನ ಬಂಗಾರ” ಎಂದು ಪರದೆಯನ್ನೇ ಸವರಿದಳು. ಹಿಂದೆಯೇ ಎರಡೂ ಗಲ್ಲ ಪಟಪಟ ಬಡಿದುಕೊಂಡಳು, ನಮ್ಮ ಮನೆಯಲ್ಲಿ ‘ತಪ್ಪಾತು’ ಎಂದರೆ ಅದು. ಆದರೆ ಆ ನೆಟ್ಟಿನಲ್ಲಿ ಚಿತ್ರ ನಾಲ್ಕೈದು ಸೆಕೆಂಡಿಗೊಂದು ಮಾತ್ರ ಹೋಗುತ್ತಿತ್ತು. ಅಕ್ಕನಿಗೆ ಕಂಡದ್ದು ಗಲ್ಲದ ಮೇಲೆ ಕೈಯಿಟ್ಟ ಅವ್ವ. ಹಲ್ಲುನೋವೇ ಎಂದು ಗಾಬರಿಯಿಂದ ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. “ಯವ್ವಾ, ಕೈ ಅಡ್ಡಡ್ಡ ಗಲ್ಲಕ್ಕ ಇಟಗೊಂಡು ಹಂಗ ಕುಂದರು. ನಾ ಐದ ಎಣಸತೀನಿ.” ಅವ್ವ ಎರಡು ಕೈಗಳನ್ನು ಕತ್ತರಿಯಂತೆ ಮಾಡಿ ಗಲ್ಲಕ್ಕಿಟ್ಟು, ಕಣ್ಣು ಮಿಟುಕಿಸದೆ ಕೂತಳು. ಒಂದು, ಎರಡು, ಮೂರು. ಆಚೆ ಅಕ್ಕನ ಕೈ ಬಾಯಿಗೆ ಹೋಗಿತ್ತು. ಮುಂದಿನ ಚಿತ್ರದಲ್ಲಿ ಅವಳು ಅಳುತ್ತಿದ್ದಳು. ಅದರ ಮುಂದಿನದರಲ್ಲಿ ಭಾವನೂ ಬಂದು ಅವಳ ಪಕ್ಕ ಕೈಮುಗಿದು ನಿಂತಿದ್ದ. ಅವ್ವ ಅವನ ಕಡೆ ಬೊಟ್ಟು ತೋರಿಸಿ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ಒಳ್ಳೆಯವ ಎಂದರ್ಥ. ನಾನು ಐದು ಎಣಿಸುತ್ತ ಅಳುತ್ತಿದ್ದೆ, ನಗುತ್ತಿದ್ದೆ. ಇಷ್ಟೆಲ್ಲ ಆದದ್ದು ನನ್ನಿಂದ ಎಂಬ ಹೆಮ್ಮೆಯೂ ಒಳಗೆ ಉಬ್ಬುತ್ತಿತ್ತು.

ಆಮೇಲೆ ಅವ್ವ ಎರಡೂ ಮುಷ್ಟಿ ಎತ್ತಿ ಜೋಕಾಲಿಯ ಹಗ್ಗ ಹಿಡಿದಳು. ಐದು. ಬಾ ಎಂದು ಕೈ ಬಗ್ಗಿಸಿದಳು. ಐದು.

ಅಕ್ಕನ ಉತ್ತರ ತುಂಡುತುಂಡಾಗಿ ಬಂತು. ಮೊದಲು ಜೋಕಾಲಿ. ಆಮೇಲೆ ಎರಡು ಬೆರಳು. ಆಮೇಲೆ ಬಾ ಎಂದು ಕರೆಯುವ ಕೈ, ಅದರ ಹಿಂದೆ ಬರಿಗೈ. ಎರಡು ಪಂಚಮಿಗೂ ನೀನು ಕರೆಯಲಿಲ್ಲ.

“ಕರದಿದ್ನಲ್ಲಬೇ!” ಎಂದು ಅವ್ವ ಬಾಯಲ್ಲೇ ಕೂಗಿದಳು. ಕೇಳುವುದಿಲ್ಲ ಎನ್ನುವುದೂ ಅವಳಿಗೆ ಮರೆತಿತ್ತು. ಮತ್ತೆ ಕೈಯಲ್ಲಿ ಹೇಳಿದಳು. ಎರಡು. ಕರೆದೆ, ಕರೆದೆ. ಕಡೆಗೆ ಬೆರಳನ್ನು ಮೂಗಿನ ತುದಿಗೆ ತಂದು ಅಲ್ಲೇ ಇಟ್ಟಳು. ಇವಳ ಕೈಯಲ್ಲಿ ಹೇಳಿಕಳಿಸಿದ್ದೆ.

ಹೌದು, ಹೇಳಿಕಳಿಸಿದ್ದಳು. ಎರಡು ವರ್ಷವೂ ಅರ್ಧ ತಾಸಿನ ಮಾತಿನ ನಡುವೆ ಎಲ್ಲೋ ಹೇಳಿದ್ದಳು. ಬಾ ಎಂದು ಕಳಿಸಿದರೆ ಕರೆತರಲು ಪುಣೆಗೆ ನಾನೇ ಹೋಗಬೇಕಿತ್ತು. ಶಾಲೆ ಆಗಷ್ಟೇ ಶುರುವಾಗಿರುತ್ತದೆ, ರಜೆ ಕೇಳಬೇಕು, ಅಷ್ಟು ದೂರದ ಬಸ್ಸು. ಮುಂದಿನ ವರ್ಷ ನೋಡೋಣ ಎಂದುಕೊಂಡು ‘ಪಂಚಮಿ ಶುಭಾಶಯ, ಅವ್ವ ಆರಾಮ’ ಎಂದಷ್ಟೇ ಒತ್ತಿದ್ದೆ. ಮುಚ್ಚಿಡಬೇಕೆಂದು ಮಾಡಿದ್ದಲ್ಲ. ಮರುಗಳಿಗೆಯೇ ಮರೆತಿದ್ದೆ. ಬರುತ್ತೇನೆಂಬ ಉತ್ತರ ಬಾರದ್ದಕ್ಕೆ ಮಗಳ ಸಿಟ್ಟು ಇನ್ನೂ ಆರಿಲ್ಲವೆಂದು ಅವ್ವ ತಿಳಿದಿದ್ದಳು. ಅಕ್ಕ ಎರಡು ವರ್ಷ ಬಸ್ಸಿನ ಕಿಟಕಿಯಿಂದ ಕಂಡ ಅವ್ವನ ಆ ಬೆನ್ನನ್ನೇ ನೆನೆಯುತ್ತ ಕೂತಿದ್ದಳು.

ಅವ್ವ ನನ್ನತ್ತ ತಿರುಗಿದಳು. ಪರದೆಯೊಳಗಿಂದ ಅಕ್ಕನೂ ನನ್ನನ್ನೇ ನೋಡುತ್ತಿದ್ದಳು. ಬಾಯಲ್ಲಿ ಹೇಳಬಹುದಾದ ನೂರು ನೆಪ ಇದ್ದವು, ಕೈಯಲ್ಲಿ ಹೇಳಲು ಒಂದೂ ಬರಲಿಲ್ಲ. ಎರಡೂ ಕಿವಿ ಹಿಡಿದುಕೊಂಡೆ. ಐದು ಎಣಿಸಿದೆ, ಚಿತ್ರ ಹೋಗಿರಬೇಕು. ಅಕ್ಕನ ಚಿತ್ರ ಬಂತು. ಅಂಗೈ ಮುಂದೆ ಚಾಚಿದ್ದಳು. ಬಿಡಬೇಡ, ಹಾಗೇ ಇರು.

ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ತೋಳು ನೋಯತೊಡಗಿತು. ಅಕ್ಕ ಬಿಡು ಎನ್ನಲಿಲ್ಲ, ಪಕ್ಕದಲ್ಲಿ ಕೂತ ಅವ್ವನೂ ಎನ್ನಲಿಲ್ಲ. ಹನ್ನೆರಡಕ್ಕೆ ಕರೆಂಟು ಹೋಗಿ ಪರದೆ ಕಪ್ಪಾಗುವವರೆಗೆ ನಾನು ಕಿವಿ ಹಿಡಿದುಕೊಂಡೇ ಕೂತಿದ್ದೆ.