ಡ್ರೈವಿಂಗ್ ಆಂಟಿ ಮತ್ತು ಒಸಾಕಾದ ಕಾರ್ಟು

ಅಮೆರಿಕದ ರೆಸ್ಟನ್ ಊರಿನ ಸುತ್ತಮುತ್ತಲ ಕನ್ನಡದವರಲ್ಲಿ ಸಿದ್ದೇಶ್ವರಿ ಎಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ‘ಡ್ರೈವಿಂಗ್ ಆಂಟಿ’ ಎಂದರೆ ಎಲ್ಲರಿಗೂ ಗೊತ್ತು. ಅರವತ್ತಮೂರು ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಸೀರೆ ಉಟ್ಟರೂ ಕಾಲಿಗೆ ಸ್ನೀಕರ್ಸು. ಇಪ್ಪತ್ತೆರಡು ವರ್ಷದಿಂದ ಹೊಸದಾಗಿ ಬಂದ ಹೆಂಗಸರಿಗೆ ಕಾರು ಓಡಿಸಲು ಕಲಿಸುವುದೇ ಅವಳ ಕಸುಬು. ಪರವಾನಗಿ ಇರುವ ಟೀಚರು. ಅವಳ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕಿದೆ. ಅವಳ ಕೈಯಲ್ಲಿ ಪಳಗಿ ಹೈವೇ ಹತ್ತಿದವರು ಇನ್ನೂರು ಮಂದಿಯಾದರೂ ಇದ್ದಾರು.

ಗಂಡಂದಿರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹೆಂಡತಿಗೆ ತಾನೇ ಕಲಿಸುತ್ತೇನೆಂದು ಹೊರಟು, ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕೂಗಾಡಿ, ಅವಳನ್ನು ಅಳಿಸಿ, ಆಮೇಲೆ ‘ಆಂಟಿ, ಇವಳಿಗೆ ಕಾನ್ಫಿಡೆನ್ಸೇ ಇಲ್ಲ’ ಎಂದು ಫೋನು ಮಾಡುವ ಮಹಾನುಭಾವರು! ಇಂಥವರನ್ನು ಕಂಡು ಕಂಡು ಅವಳಿಗೆ ಸಾಕಾಗಿ ಹೋಗಿತ್ತು. ‘ಕೋಡ್ ಬರೆಯೋಕೆ ಬರತ್ತೆ, ರಿವರ್ಸ್ ತೆಗೆಯೋಕೆ ಬರಲ್ಲ’ ಎಂದು ಮುಖದ ಮೇಲೆ ಹೊಡೆದಂತೆ ಹೇಳಿಬಿಡುತ್ತಿದ್ದಳು.

ಶ್ಯಾಮ್ ಆ ಮಹಾನುಭಾವರಲ್ಲೇ ಮೊದಲ ಸಾಲಿನವನು. ಅವನ ಹೆಂಡತಿ ಸುರಭಿ ಎರಡು ಸಲ ರೋಡ್ ಟೆಸ್ಟಿನಲ್ಲಿ ಫೇಲಾದ ಮೇಲೆ ಸಿದ್ದೇಶ್ವರಿಯ ಪಾಲಿಗೆ ಬಂದಿದ್ದಳು. ಫೆಬ್ರವರಿಯ ಒಂದು ಶನಿವಾರ ಅವಳನ್ನು ಪಾಠಕ್ಕೆ ಕರೆದೊಯ್ಯಲು ಹೋದಾಗ ಶ್ಯಾಮ್ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಾಗಿಲಿಗೆ ಬಂದ. ಗಂಡ ಹೆಂಡತಿ ಏಪ್ರಿಲಿನಲ್ಲಿ ಜಪಾನಿಗೆ ಹೊರಟಿದ್ದರು. ಆ ಪ್ರವಾಸದ ಗಂಟೆಗಂಟೆಯ ಲೆಕ್ಕವೂ ಲ್ಯಾಪ್‌ಟಾಪಿನಲ್ಲಿತ್ತು.

“ಆಂಟಿ, ಒಸಾಕಾದಲ್ಲಿ ಮೇನ್ ರೋಡಲ್ಲೇ ಗೋ-ಕಾರ್ಟ್, ಅದೇ ಆ ಪುಟ್ಟ ರೇಸ್ ಗಾಡಿ, ಓಡಿಸ್ಬಹುದು, ಗೊತ್ತಾ? ಕಾಸ್ಟ್ಯೂಮ್ ಹಾಕ್ಕೊಂಡು, ಬಸ್ಸು ಲಾರಿ ಮಧ್ಯೆ! ನಾನು ಒಂದೂವರೆ ಗಂಟೆ ಟೂರ್ ಮಾಡ್ತೀನಿ. ಪಕ್ಕದ ಬೀದಿ ಪೂರ್ತಿ ಸುವನೀರ್ ಅಂಗಡಿ. ಅಷ್ಟರಲ್ಲಿ ಇವಳು ಶಾಪಿಂಗ್ ಮುಗಿಸಿಬಿಡ್ತಾಳೆ. ಎರಡೂ ಕಂಬೈನ್ ಮಾಡಿದ್ದೀನಿ.”

ಶಾಪಿಂಗ್ ಎಂದರೆ ತನಗೊಂದು, ತಾಯಿಗೊಂದು ಅಲ್ಲ. ಯಾರೇ ಎಲ್ಲಿಗೇ ಹೋಗಿ ಬಂದರೂ ಕನ್ನಡದವರ ಗುಂಪಿನ ಮನೆಮನೆಗೂ ಒಂದೊಂದು ಚೀಲ ಮುಟ್ಟಿಸಬೇಕು ಎಂಬ ದರಿದ್ರ ಪದ್ಧತಿಯೊಂದು ಅಲ್ಲಿ ಬೇರೂರಿಬಿಟ್ಟಿದೆ. ಮೂವತ್ತೊಂದು ಮನೆ. ಗಂಡ ಕುಣಿಯುತ್ತ ಕಾರ್ಟು ಓಡಿಸುವ ಹೊತ್ತಿಗೆ ಹೆಂಡತಿ ಮೂವತ್ತೊಂದು ಮನೆಗೆ ಬೀಸಣಿಗೆ, ಚಾಪ್‌ಸ್ಟಿಕ್ಕು, ಫ್ರಿಜ್ಜಿನ ಮೇಲೆ ಅಂಟಿಸುವ ಬೊಂಬೆ ಆರಿಸಬೇಕು. ಆಹಾ, ಎಂಥ ಕಂಬೈನು!

ಸುರಭಿ ಕಾರು ಹೊರಡಿಸಿ ಎರಡು ತಿರುವು ದಾಟಿಸಿದಳು. ಆಮೇಲೆ ಸ್ಟೀರಿಂಗ್ ಮೇಲೆ ಕಣ್ಣಿಟ್ಟೇ ಹೇಳಿದಳು: “ಆಂಟಿ, ನನಗೂ ಅದನ್ನ ಓಡಿಸ್ಬೇಕು.”

ನಾಲ್ಕು ತಿಂಗಳ ಪಾಠದಲ್ಲಿ ಆ ಹುಡುಗಿ ತನಗೆ ಏನಾದರೂ ಬೇಕು ಎಂದದ್ದು ಅದೇ ಮೊದಲು. ಸಿದ್ದೇಶ್ವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. “ಓಡಿಸ್ತೀಯ. ಓಡಿಸದೆ ಹೇಗೆ ಬರ್ತೀಯ ನಾನೂ ನೋಡ್ತೀನಿ,” ಎಂದಳು.

ಆಮೇಲಿನ ಏಳು ವಾರ ಸುರಭಿಯನ್ನು ಗಾಣಕ್ಕೆ ಹಾಕಿದಂತೆ ಅರೆದಳು. ಮಳೆಯಲ್ಲಿ, ಆಫೀಸು ಬಿಡುವ ಹೊತ್ತಿನ ಜಂಗುಳಿಯಲ್ಲಿ, ಏರ್‌ಪೋರ್ಟಿನ ರಸ್ತೆಯಲ್ಲಿ ಟ್ರಕ್ಕುಗಳ ಪಕ್ಕದಲ್ಲಿ ಓಡಿಸಿದಳು. ಮೂರನೆಯ ಸಲ ಟೆಸ್ಟು ಪಾಸಾಗಿ, ಲೈಸೆನ್ಸ್ ಕಾರ್ಡು ಅಂಚೆಯಲ್ಲಿ ಕೈಗೆ ಬಂದ ದಿನವೇ ಆಟೋ ಕ್ಲಬ್ಬಿನ ಆಫೀಸಿಗೆ ಕರೆದೊಯ್ದು ಕ್ಯೂ ನಿಂತು, ವಿದೇಶದಲ್ಲಿ ಗಾಡಿ ಓಡಿಸಲು ಬೇಕಾದ ಪರ್ಮಿಟ್ಟು ಮಾಡಿಸಿಕೊಟ್ಟಳು. ಬೂದು ಬಣ್ಣದ ರಟ್ಟಿನ ಸಣ್ಣ ಪುಸ್ತಕ, ಒಳಗೆ ಅಂಟಿಸಿದ ಫೋಟೋ. ನೋಡಿದರೆ ಹಳೇ ಕಾಲದ ರೇಷನ್ ಕಾರ್ಡು.

ಶ್ಯಾಮ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ನಕ್ಕ. “ಇದಕ್ಕೆ ಇಬ್ರೂ ಹೋಗಿ ಕ್ಯೂ ನಿಂತ್ರಾ? ನಾನು ಸೋಫಾ ಮೇಲೆ ಕೂತು ಆನ್‌ಲೈನಲ್ಲಿ ಹತ್ತು ನಿಮಿಷದಲ್ಲಿ ತರಿಸ್ಕೊಂಡೆ.” ಅವನದು ಹೊಳೆಯುವ ಪ್ಲಾಸ್ಟಿಕ್ ಕಾರ್ಡು, ಮೇಲೆ ಭೂಗೋಳದ ಚಿತ್ರ. ‘ಪಾಪ, ಆಸೆ ಪಡ್ತಾಳೆ’ ಎಂದು ಹೆಂಡತಿಗೂ ಒಂದು ಕಾರ್ಟು ಬುಕ್ ಮಾಡಿದ. ಶಾಪಿಂಗ್ ಆಮೇಲೆ ನೋಡಿಕೊಂಡರಾಯಿತು. ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ, ಮೂತಿಗೆ ತಿವಿಯಬೇಕು ಅನ್ನಿಸಿತು ಸಿದ್ದೇಶ್ವರಿಗೆ.

ಅವರು ಜಪಾನಿನಲ್ಲಿದ್ದ ಎರಡು ವಾರವೂ ಸುರಭಿಯಿಂದ ಒಂದು ಮೆಸೇಜೂ ಬರಲಿಲ್ಲ. ಹಿಂದಿರುಗಿದ ಮೇಲಿನ ಭಾನುವಾರ ಮಧ್ಯಾಹ್ನ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದರು. ಬಿಸಿಬೇಳೆಬಾತು, ಮೊಸರನ್ನ, ಜೊತೆಗೆ ಟೀವಿಯ ಮೇಲೆ ಶ್ಯಾಮನ ಫೋಟೋ ಪುರಾಣ. ದೇವಸ್ಥಾನ ಬಂತು, ಜಿಂಕೆ ಬಂತು, ರೈಲು ಬಂತು. ಕೊನೆಗೆ ಕಾರ್ಟು ಬಂತು. ಹಳದಿ ಡೈನೋಸಾರಿನ ವೇಷ ಹಾಕಿಕೊಂಡು, ಸ್ಟೀರಿಂಗ್ ಹಿಡಿದು, ಹಲ್ಲು ಕಿರಿಯುತ್ತ ಕೂತಿದ್ದಾನೆ.

“ಏನ್ ಹೇಳ್ಲಿ! ಪಕ್ಕದಲ್ಲೇ ಬಸ್ಸು ಬರ್‌ರ್ ಅಂತ ಹೋಗತ್ತೆ. ನಾವು ನೆಲಕ್ಕೆ ಅಂಟ್ಕೊಂಡು ಕೂತಿರ್ತೀವಿ. ಎದೆ ಝಲ್ ಅನ್ನತ್ತೆ!”

ಎಲ್ಲರೂ ಓಹೋ ಎಂದರು. ಸಿದ್ದೇಶ್ವರಿ ಕನ್ನಡಕ ಸರಿಮಾಡಿಕೊಂಡು ಟೀವಿಯ ಹತ್ತಿರಕ್ಕೇ ಹೋದಳು. ಗಾಡಿಯ ಫೋಟೋ ತೋರಿಸಿದರೆ ಅವಳು ಮನುಷ್ಯರ ಮುಖ ನೋಡುವುದಿಲ್ಲ, ಚಕ್ರ ನೋಡುತ್ತಾಳೆ. ಮುಂದಿನ ಚಕ್ರಕ್ಕೆ ಅಡ್ಡವಾಗಿ ಮರದ ತುಂಡು ಕೊಟ್ಟಿತ್ತು. ಇದು ಓಡಿದ ಗಾಡಿಯಲ್ಲ, ಅಂಗಡಿಯ ಮುಂದೆ ನಿಲ್ಲಿಸಿದ ಗಾಡಿ.

ಅಡುಗೆಮನೆಯಲ್ಲಿ ಸುರಭಿ ಒಬ್ಬಳೇ ಇದ್ದಳು. ಸಿದ್ದೇಶ್ವರಿ ಅವಳನ್ನು ಸಿಂಕಿನ ಮೂಲೆಗೆ ಒತ್ತಿ ನಿಲ್ಲಿಸಿದಳು.

“ನಿನ್ನ ಫೋಟೋ ಎಲ್ಲೇ?”

“ನಾನೇ ತೆಗೆದಿದ್ದು ಆಂಟಿ, ಅದನ್ನ.”

“ಓಡಿಸಿದ್ಯೋ ಇಲ್ವೋ?”

ಸುರಭಿ ಹಾಲ್ ಕಡೆ ನೋಡಿ ದನಿ ತಗ್ಗಿಸಿದಳು. “ಅವರ ಪ್ಲಾಸ್ಟಿಕ್ ಕಾರ್ಡ್ ಅಲ್ಲಿ ನಡೀಲಿಲ್ಲ. ಇದು ಪರ್ಮಿಟ್ಟೇ ಅಲ್ಲ ಅಂದ್ಬಿಟ್ರು. ನನ್ನ ಬುಕ್ ನೋಡಿ, ನೀವು ಹೋಗ್ಬಹುದು ಅಂದ್ರು. ನಾನು ಕಾಸ್ಟ್ಯೂಮ್ ಕೂಡ ಹಾಕ್ಕೊಂಡ್ಬಿಟ್ಟಿದ್ದೆ.”

“ಮತ್ತೆ? ಬೇಡ ಅಂದ್ನಾ?”

“ಇಲ್ಲ. ಹೋಗೋದಾದ್ರೆ ಹೋಗು ಅಂದ್ರು. ಆದ್ರೆ ಮುಖ ಎಷ್ಟು ಚಿಕ್ಕದಾಗಿಹೋಗಿತ್ತು ಆಂಟಿ... ಬಿಚ್ಚಿ ಕೊಟ್ಬಿಟ್ಟೆ. ಇಬ್ರೂ ಶಾಪಿಂಗ್ ಮಾಡಿದ್ವಿ.”

ಸಿದ್ದೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಶ್ಯಾಮನ ಮೇಲಿನದಕ್ಕಿಂತ ಇವಳ ಮೇಲೇ ಹೆಚ್ಚು. “ಥೂ! ನಾಚಿಕೆ ಆಗಲ್ವೇನೆ ನಿಂಗೆ? ಏಳು ವಾರ ನನ್ನ ಪ್ರಾಣ ತಿಂದಿದ್ದು ಇದಕ್ಕಾ? ಪುಕ್ಕಲಿ! ಅವನ ಮುಖ ಚಿಕ್ಕದಾದ್ರೆ ಆಗ್ಲಿ ಬಿಡು, ಮತ್ತೆ ದೊಡ್ಡದಾಗತ್ತೆ. ಅಷ್ಟು ದೂರ ಹೋಗಿ ಮೂವತ್ತೊಂದು ಚೀಲ ಹೊತ್ಕೊಂಡು ಬಂದ್ಯಲ್ಲ, ಯಾವ ಪುರುಷಾರ್ಥಕ್ಕೆ?”

ಸುರಭಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಆಮೇಲೆ ಮೆಲ್ಲಗೆ ಕೇಳಿದಳು: “ಆಂಟಿ, ಬೇಜಾರು ಮಾಡ್ಕೋಬೇಡಿ. ಅಂಕಲ್ ಜೊತೆ ಬರುವಾಗ ಯಾರು ಡ್ರೈವ್ ಮಾಡೋದು?”

ಅದರಲ್ಲಿ ಕುಹಕವಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು.

“ಅದು ಬೇರೆ,” ಎಂದಳು ಸಿದ್ದೇಶ್ವರಿ.

ಗಂಡ ಶಶಿಕಾಂತರಿಗೆ ಎಪ್ಪತ್ತೊಂದು. ಸರ್ಕಾರಿ ಲ್ಯಾಬೊಂದರಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಹಸಿರು ದೀಪ ಬಂದರೂ ಯೋಚಿಸುತ್ತ ನಿಂತುಬಿಡುತ್ತಾರೆ, ತಿರುಗಿದ ಮೇಲೆ ಇಂಡಿಕೇಟರ್ ಹಾಕುತ್ತಾರೆ. ಬೇರೆ ಯಾರಾದರೂ ಹಾಗೆ ಓಡಿಸಿದ್ದರೆ ಅವಳು ಕಿವಿ ಹಿಂಡಿ ಇಳಿಸುತ್ತಿದ್ದಳು. ಆದರೆ ಇಬ್ಬರೂ ಒಟ್ಟಿಗೆ ಹೊರಟರೆ ಸ್ಟೀರಿಂಗು ಅವರದೇ, ಮದುವೆಯಾದಾಗಿನಿಂದ.

ಹೊರಡುವಾಗ ಸುರಭಿ ಕುಂಕುಮ ಕೊಟ್ಟು, ಕೈಗೊಂದು ಚೀಲ ಹಿಡಿಸಿ, ಬಾಗಿಲವರೆಗೂ ಬಂದಳು. ಶಶಿಕಾಂತರು ಆಗಲೇ ಕಾರು ಸ್ಟಾರ್ಟ್ ಮಾಡಿಕೊಂಡು ಕೂತಿದ್ದರು. ಸಿದ್ದೇಶ್ವರಿ ದಡದಡನೆ ನಡೆದು ಅವರ ಕಡೆಯ ಗಾಜು ತಟ್ಟಿದಳು.

“ರೀ, ಇಳೀರಿ. ಇವತ್ತು ನಾನು ಓಡಿಸ್ತೀನಿ.”

ಶಶಿಕಾಂತರು ಗಾಜು ಇಳಿಸಿ ಅವಳನ್ನೇ ನೋಡಿದರು. “ಯಾಕೆ? ನನ್ನ ಡ್ರೈವಿಂಗಿಗೆ ಏನಾಗಿದೆ?”

ಅವರು ಸಿಟ್ಟು ಮಾಡಲಿಲ್ಲ. ಸಿಟ್ಟಾದರೂ ಮಾಡಿದ್ದರೆ ಜಗಳಕ್ಕೆ ನಿಲ್ಲಬಹುದಿತ್ತು. ಆದರೆ ಆ ಮುಖ ಸುಮ್ಮನೆ ಇಳಿದುಹೋಯಿತು, ಒಂದು ಕೈ ಸೀಟ್ ಬೆಲ್ಟಿನ ಗುಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಹಿಂದೆ ಬಾಗಿಲಲ್ಲಿ ಸುರಭಿ ಒಳಗೆ ಹೋಗದೆ ನಿಂತಿದ್ದಾಳೆಂದು ಸಿದ್ದೇಶ್ವರಿಗೆ ತಿರುಗದೆಯೇ ಗೊತ್ತಿತ್ತು.

“ಏನಿಲ್ಲ ಬಿಡಿ,” ಎಂದಳು.

ಕಾರನ್ನು ಸುತ್ತಿ ಬಂದು, ಪಕ್ಕದ ಸೀಟಿನ ಬಾಗಿಲು ತೆಗೆದು ಕೂತಳು. ಥೂ ನಿನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡಳು. ಶಶಿಕಾಂತರು ಕಾರು ಹೊರಡಿಸಿ, “ನೋಡು, ಆ ಹುಡುಗಿ ಟಾಟಾ ಮಾಡ್ತಿದೆ,” ಎಂದರು. ಸಿದ್ದೇಶ್ವರಿ ಚೀಲದೊಳಗೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿಯೇ ಕೂತಿದ್ದಳು.